ಒಂದು ಚಮಚ ತುಪ್ಪ, ಒಂದು ಲಕ್ಷ ಕ್ಯಾಲರಿ

ದೊಡ್ಡವರ ಮೈಯಲ್ಲಿ ಓಡಾಡುವ ರಕ್ತ ಸುಮಾರು 5 ಲೀಟರ್. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆಯನ್ನು ಬೇರೆ ಮಾಡಿ ತಕ್ಕಡಿಗೆ ಹಾಕಿದರೆ ತೂಗುವುದು 4ರಿಂದ 5 ಗ್ರಾಂ. ಕಾಫಿಗೆ ಹಾಕುವ ಒಂದು ಸಣ್ಣ ಚಮಚದಷ್ಟು. ಅದು ಆರೂವರೆ ಗ್ರಾಂ ಮುಟ್ಟಿದರೆ ಸಾಕು, ಲ್ಯಾಬಿನ ವರದಿ ನೋಡಿದ ಡಾಕ್ಟರು ಸಕ್ಕರೆ ಕಾಯಿಲೆಯ ಮಾತು ತೆಗೆಯುತ್ತಾರೆ.

ಈ ಒಂದು ಚಮಚಕ್ಕೆ ಬೆನ್ನಿಗೆ ನಿಂತಿರುವ ದಾಸ್ತಾನು ಕೂಡ ದೊಡ್ಡದೇನಲ್ಲ. ಲಿವರ್‌ನಲ್ಲಿ 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಗ್ಲೈಕೋಜೆನ್, ಅಂದರೆ ದೇಹ ತನಗಾಗಿ ಕಟ್ಟಿಟ್ಟುಕೊಂಡ ಪಿಷ್ಟ. ಎಲ್ಲ ಸೇರಿ 2,000 ಕ್ಯಾಲರಿ. ಒಂದು ದಿನದ ಖರ್ಚಿಗೆ ಸರಿಹೋಯಿತು.

ಈಗ ಕೊಬ್ಬಿನ ಲೆಕ್ಕಕ್ಕೆ ಬನ್ನಿ. 70 ಕೆಜಿ ತೂಗುವ, ದಪ್ಪಗಿದ್ದಾನೆ ಎಂದು ಯಾರೂ ಬೆರಳು ತೋರಿಸದ ಗಂಡಸಿನ ಮೈಯಲ್ಲೂ 13 ಕೆಜಿಯಷ್ಟು ಕೊಬ್ಬು ಇರುವುದು ಸಾಮಾನ್ಯ. ಮೈಯ ಕೊಬ್ಬಿನ ಒಂದು ಕೆಜಿಗೆ ಸುಮಾರು 7,700 ಕ್ಯಾಲರಿ. ಗುಣಿಸಿದರೆ ಒಂದು ಲಕ್ಷ ದಾಟುತ್ತದೆ. ಪಿಷ್ಟದ ದಾಸ್ತಾನು ಅಡುಗೆಮನೆಯ ಡಬ್ಬಿಯಾದರೆ ಕೊಬ್ಬು ಮನೆಯ ಕಣಜ. ಎರಡರ ನಡುವೆ 50 ಪಟ್ಟು ವ್ಯತ್ಯಾಸ.

ಇದನ್ನು ದಾರಿಯ ಅಳತೆಗೆ ತಂದು ನೋಡಿದರೆ ಇನ್ನೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. 70 ಕೆಜಿಯ ಮನುಷ್ಯ ಒಂದು ಕಿಲೋಮೀಟರ್ ಓಡಲು ಸುಮಾರು 70 ಕ್ಯಾಲರಿ ಬೇಕು. ಬರೀ ಪಿಷ್ಟದ ಬಲದ ಮೇಲೆ ಮೆಜೆಸ್ಟಿಕ್‌ನಿಂದ ಮೈಸೂರು ರಸ್ತೆ ಹಿಡಿದು ಓಡಿದರೆ 28 ಕಿಲೋಮೀಟರ್‌ಗೆ ಡಬ್ಬಿ ಖಾಲಿ, ಬಿಡದಿಯ ತಟ್ಟೆ ಇಡ್ಲಿಯೂ ದಕ್ಕುವುದಿಲ್ಲ. ಕೊಬ್ಬಿನ ಕಣಜದಲ್ಲಿರುವುದು 1,400 ಕಿಲೋಮೀಟರ್‌ಗೆ ಆಗುವಷ್ಟು. ಬೆಂಗಳೂರಿನಿಂದ ಬೀದರ್‌ಗೆ ಹೋಗಿ, ಅಲ್ಲಿಂದ ಅದೇ ದಾರಿಯಲ್ಲಿ ವಾಪಸು ಬರುವಷ್ಟು ದೂರ.

ದೇಹ ಈ ಒಂದು ಲಕ್ಷ ಕ್ಯಾಲರಿಯನ್ನು ಪಿಷ್ಟದ ರೂಪದಲ್ಲೇ ಇಟ್ಟುಕೊಂಡಿದ್ದರೆ? ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆಗೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ 4 ಗ್ರಾಂ ತೂಕ ಹೊತ್ತರೆ ಸಿಗುವುದು 4 ಕ್ಯಾಲರಿ. ಒಂದು ಲಕ್ಷ ಕ್ಯಾಲರಿಗೆ 100 ಕೆಜಿ ಹೊರಬೇಕು. 13 ಕೆಜಿ ಕೊಬ್ಬು ತೆಗೆದು ಆ ಜಾಗದಲ್ಲಿ 100 ಕೆಜಿ ಪಿಷ್ಟ ಇಟ್ಟರೆ 70 ಕೆಜಿಯ ಮನುಷ್ಯ 157 ಕೆಜಿ ಆಗುತ್ತಾನೆ. ಎದ್ದು ನಿಲ್ಲುವುದೇ ದುಸ್ತರ. ಹಗುರವಾಗಿ ಓಡಾಡಲು ನಮ್ಮನ್ನು ಬಿಟ್ಟಿರುವುದೇ ಕೊಬ್ಬು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಇದೇ ಇಂಧನ ತುಂಬಿಕೊಂಡು ಹೊರಡುತ್ತವೆ. 2022ರ ಅಕ್ಟೋಬರ್‌ನಲ್ಲಿ ಐದು ತಿಂಗಳ ವಯಸ್ಸಿನ ಒಂದು ಗಾಡ್‌ವಿಟ್ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿತು. ದಾರಿಯಲ್ಲಿ ಒಂದು ಕಾಳು ತಿಂದಿಲ್ಲ. ಹೊರಡುವ ಮುನ್ನ ಈ ಜಾತಿಯ ಹಕ್ಕಿಗಳ ಮೈತೂಕದಲ್ಲಿ ಅರ್ಧದಷ್ಟು ಬರೀ ಕೊಬ್ಬೇ ಇರುತ್ತದೆ.

ಇಂಥ ಕಣಜ ಹೊತ್ತು ತಿರುಗುವ ನಾವು, ಡಯಟ್ ಶುರು ಮಾಡಿದ ದಿನ ಮೊದಲು ಹೆದರುವುದು ಒಂದು ಚಮಚ ತುಪ್ಪಕ್ಕೆ.

ತುಮಕೂರಿನಲ್ಲಿರುವ ನಮ್ಮ ಅತ್ತಿಗೆಗೆ ಡಾಕ್ಟರು ಅನ್ನ, ಮುದ್ದೆ, ಸಿಹಿ ಕಡಿಮೆ ಮಾಡಿ, ದಿನಕ್ಕೆ 1,200 ಕ್ಯಾಲರಿಯ ಒಳಗಿರಿ ಎಂದು ಹೇಳಿದ್ದರು. ನಾನು ಹೋದಾಗ ಬೆಳಗಿನ ತಿಂಡಿಗೆ ಮೂರು ಮೊಟ್ಟೆ ಒಡೆಯುತ್ತಿದ್ದರು. ಒಡೆದ ಚಿಪ್ಪಿನ ಎರಡು ಹೋಳುಗಳ ನಡುವೆ ಹಳದಿಯನ್ನು ಆ ಕಡೆ ಈ ಕಡೆ ಹೊರಳಿಸಿ, ಬಿಳಿಯನ್ನು ಬಟ್ಟಲಿಗೆ ಇಳಿಸಿ, ಹಳದಿಯನ್ನು ಬೇರೆ ಲೋಟಕ್ಕೆ ಹಾಕುತ್ತಿದ್ದರು. ಪಕ್ಕದ ಒಲೆಯಲ್ಲಿ ಎಣ್ಣೆ ಇಲ್ಲದ ಒಗ್ಗರಣೆ. ಬರೀ ಬಾಣಲೆಗೆ ಬಿದ್ದ ಸಾಸಿವೆ ಸೀದು ಕಪ್ಪಾಗಿತ್ತು, ಕರಿಬೇವು ತಳಕ್ಕೆ ಅಂಟಿತ್ತು.

"ಹಳದಿ ಯಾಕೆ ಅತ್ತಿಗೆ ಬೇರೆ ತೆಗೀತಿದ್ದೀರಾ?"

"ಜಿಡ್ಡು ಕಣಪ್ಪ ಅದು. ಅನ್ನ ಬಿಟ್ಟು, ಮೇಲೆ ಜಿಡ್ಡೂ ತಿಂದ್ರೆ ಇಷ್ಟು ಕಷ್ಟಪಟ್ಟು ಏನು ಬಂತು?"

ಅವರ ಮುಖ ಬಾಡಿತ್ತು. ಎದ್ದರೆ ತಲೆಸುತ್ತು, ಸಂಜೆಯಾದರೆ ಕೈಕಾಲು ಸೋಲು. ಇಡೀ ದಿನದ ಊಟವನ್ನು ಕಾಗದದ ಮೇಲೆ ಬರೆದು ಕೂಡಿಸಿದೆವು: ಮೊಟ್ಟೆಯ ಬಿಳಿ, ಹೆಸರುಬೇಳೆಯ ತಿಳಿ, ಸೌತೆಕಾಯಿ, ಸೊಪ್ಪಿನ ಪಲ್ಯ, ಕೆನೆ ತೆಗೆದ ಹಾಲು, ನೀರು ಮಜ್ಜಿಗೆ, ಒಂದು ಬಟ್ಟಲು ಪಪ್ಪಾಯ. 600 ಕ್ಯಾಲರಿ ದಾಟಲಿಲ್ಲ. ಡಾಕ್ಟರು ಹೇಳಿದ್ದರ ಅರ್ಧ.

ಯಾಕೆ ಹೀಗಾಯಿತು ಎಂಬುದು ಬರೀ ಕೂಡಿಸುವ ಕಳೆಯುವ ವಿಷಯ. 1,200 ಕ್ಯಾಲರಿಯಲ್ಲಿ ಪ್ರೋಟೀನ್ 80 ಗ್ರಾಂ ಎಂದಿಟ್ಟುಕೊಳ್ಳಿ, ಗ್ರಾಂಗೆ 4ರಂತೆ 320 ಕ್ಯಾಲರಿ. ಪಿಷ್ಟ 50 ಗ್ರಾಂ, ಅದೂ ಗ್ರಾಂಗೆ 4ರಂತೆ 200. ಉಳಿದದ್ದು 680. ಊಟದಲ್ಲಿ ಇನ್ನು ಬಾಕಿ ಇರುವ ಪದಾರ್ಥ ಒಂದೇ, ಕೊಬ್ಬು; ಗ್ರಾಂಗೆ 9 ಕ್ಯಾಲರಿ. 680ನ್ನು 9ರಿಂದ ಭಾಗಿಸಿದರೆ 75 ಗ್ರಾಂ. ಅಂದರೆ ಕಡಿಮೆ ಕ್ಯಾಲರಿಯ ಈ ಊಟದಲ್ಲೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೊಬ್ಬಿನಿಂದಲೇ ಬರಬೇಕು.

75 ಗ್ರಾಂ ಎಂದಾಗ ಅತ್ತಿಗೆ ಕಿವಿ ಮುಚ್ಚಿಕೊಂಡರು. ಆದರೆ ಅದನ್ನು ಬಿಡಿಸಿ ನೋಡಿ. ಮೂರು ಇಡೀ ಮೊಟ್ಟೆಯಲ್ಲಿ 15 ಗ್ರಾಂ. ಒಂದು ಹಿಡಿ, 30 ಗ್ರಾಂ, ಹುರಿದ ಕಡಲೆಕಾಯಿ ಬೀಜದಲ್ಲಿ 15. ನೂರು ಗ್ರಾಂ ಪನೀರ್‌ನಲ್ಲಿ 22ರ ಆಸುಪಾಸು. ಒಂದು ಬಟ್ಟಲು ಗಟ್ಟಿ ಹಾಲಿನ ಮೊಸರಿನಲ್ಲಿ 8. ಅಲ್ಲಿಗೆ 60 ಆಯಿತು. ಒಗ್ಗರಣೆಗೂ ಪಲ್ಯಕ್ಕೂ ಸೇರಿ ಇಡೀ ದಿನಕ್ಕೆ ಉಳಿದದ್ದು 15 ಗ್ರಾಂ: ಟೀ ಚಮಚದಲ್ಲಿ ಮೂರು ಚಮಚ ಎಣ್ಣೆ ಅಥವಾ ತುಪ್ಪ. ಇದರಲ್ಲಿ ಎಲ್ಲೂ ಎಣ್ಣೆ ಸುರಿಯುವ ಅಡುಗೆ ಇಲ್ಲ.

ಇದಕ್ಕಿಂತ ಬೆರಗಿನ ಲೆಕ್ಕ ಮುಂದಿದೆ. ದಿನಕ್ಕೆ 2,000 ಕ್ಯಾಲರಿ ಖರ್ಚು ಮಾಡುವ ದೇಹಕ್ಕೆ 1,200 ಕೊಟ್ಟರೆ 800 ಕೊರತೆ. ಆ ಕೊರತೆಯನ್ನು ದೇಹ ಬಹುಪಾಲು ಕಣಜದಿಂದ ತೆಗೆಯುತ್ತದೆ: ಸುಮಾರು 90 ಗ್ರಾಂ ಕೊಬ್ಬು, 18 ಟೀ ಚಮಚ. ತಟ್ಟೆಯಲ್ಲಿನ ಮೂರು ಚಮಚಕ್ಕೆ ಹೆದರಿ ಕೂತವರ ಒಳಗೆ ಅದೇ ಹೊತ್ತಿನಲ್ಲಿ 18 ಚಮಚ ಕರಗಿ ರಕ್ತಕ್ಕೆ ಇಳಿದು ಉರಿಯುತ್ತಿರುತ್ತದೆ. ತೂಕ ಇಳಿಸುತ್ತಿರುವ ಯಾರೇ ಆಗಲಿ, ಏನೇ ತಿನ್ನಲಿ, ಮೈಯ ಒಳಗೆ ಜಿಡ್ಡಿನ ಊಟವನ್ನೇ ಮಾಡುತ್ತಿರುತ್ತಾರೆ. ಏಕಾದಶಿಯ ದಿನ ನಿರಾಹಾರವಿದ್ದು ದ್ವಾದಶಿಯ ಬೆಳಗ್ಗೆ ಪಾರಣೆಗೆ ಕೂರುವ ಅಜ್ಜಿಯ ಲಿವರ್‌ನಲ್ಲಿ ಪಿಷ್ಟ ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ಆ ಹೊತ್ತಿಗೆ ಅವರನ್ನು ನಡೆಸುತ್ತಿರುವುದು ಕೊಬ್ಬೇ. ನಮ್ಮ ಮೈಯ ಕೊಬ್ಬಿನಲ್ಲಿ ಅರ್ಧದಷ್ಟು ಒಲಿಯಿಕ್ ಆಮ್ಲ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಾಗಿರುವುದೂ ಅದೇ. ಜೀವಕೋಶಕ್ಕೆ ಅದು ತಟ್ಟೆಯಿಂದ ಬಂತೋ ಸೊಂಟದಿಂದ ಬಂತೋ ಎಂಬ ಭೇದ ಗೊತ್ತಾಗುವುದಿಲ್ಲ.

ಪಿಷ್ಟವನ್ನೂ ಕೊಬ್ಬನ್ನೂ ಒಟ್ಟಿಗೆ ಬಿಟ್ಟವರಿಗೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪ್ರಯೋಗವೊಂದಿದೆ. ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರ ಜೊತೆ ವರ್ಷಗಟ್ಟಲೆ ಬದುಕಿದ್ದ ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್ ಮತ್ತು ಅವರ ಜೊತೆಗಾರ 1928ರಲ್ಲಿ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಒಂದು ವರ್ಷ ಬರೀ ಮಾಂಸ ತಿನ್ನಲು ಒಪ್ಪಿದರು. ಮೊದಲಿಗೆ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಕೊಟ್ಟರು. ಎರಡು ಮೂರು ದಿನದಲ್ಲೇ ವಾಕರಿಕೆ, ಭೇದಿ, ಸುಸ್ತು. ಕೊಬ್ಬಿರುವ ಮಾಂಸ ಕೊಟ್ಟ ಮೇಲೆ ಚೇತರಿಸಿಕೊಂಡರು, ವರ್ಷವನ್ನೂ ಪೂರೈಸಿದರು. ಪ್ರೋಟೀನನ್ನೇ ಮುಖ್ಯ ಇಂಧನವಾಗಿ ಉರಿಸಲು ನಮ್ಮ ಲಿವರ್‌ಗೆ ಶಕ್ತಿ ಸಾಲದು.

ಜಿಡ್ಡು ಬೇಕೆನ್ನುವ ಇನ್ನೊಂದು ಅಂಗ ಪಿತ್ತಕೋಶ. 30ರಿಂದ 50 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ. ಊಟದಲ್ಲಿ ಜಿಡ್ಡು ಬಂದಾಗ ಅದು ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಬಿಡುತ್ತದೆ. ಜಿಡ್ಡೇ ಬರದಿದ್ದರೆ ರಸ ಒಳಗೇ ನಿಂತು ಮಂದವಾಗಿ ಕಲ್ಲು ಕಟ್ಟಲು ದಾರಿಯಾಗುತ್ತದೆ. ಬೇಗ ಬೇಗ ತೂಕ ಇಳಿಸುವವರಲ್ಲಿ ಈ ಅಪಾಯ ಮೊದಲೇ ಹೆಚ್ಚು. ಇದನ್ನು ತಡೆಯಲು ಬೇಕಾದದ್ದು ದಿನಕ್ಕೆ ಒಂದು ಊಟದಲ್ಲಾದರೂ ಸುಮಾರು 10 ಗ್ರಾಂ ಕೊಬ್ಬು, ಅಂದರೆ ಎರಡು ಟೀ ಚಮಚ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಕ್ಕೂ ಜಿಡ್ಡಿನ ಜೊತೆ ಬೇಕೇ ಬೇಕು. ಅತ್ತಿಗೆ ಲೋಟಕ್ಕೆ ಹಾಕುತ್ತಿದ್ದ ಹಳದಿಯಲ್ಲೇ ಎ ಮತ್ತು ಡಿ ಇದ್ದವು.

ಇಷ್ಟು ದೊಡ್ಡ ಹೆದರಿಕೆ ಎಲ್ಲಿಂದ ಬಂತು? ಅದಕ್ಕೊಂದು ದಿನಾಂಕವನ್ನೇ ಕೊಡಬಹುದು. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾಯಿತು. ಸೋಮವಾರ ಷೇರುಪೇಟೆ ತೆರೆದಾಗ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ 6.5ರಷ್ಟು ಕುಸಿಯಿತು. ಹೃದಯ ಯಾಕೆ ಕೈಕೊಡುತ್ತದೆ ಎಂಬ ಪ್ರಶ್ನೆ ಇಡೀ ದೇಶದ್ದಾಯಿತು. ಉತ್ತರ ಹೇಳಿದವರಲ್ಲಿ ಮುಂದಿದ್ದವರು ಮಿನೆಸೋಟಾದ ವಿಜ್ಞಾನಿ ಆನ್ಸೆಲ್ ಕೀಸ್. 1958ರಲ್ಲಿ ಶುರುವಾದ ಅವರ ಏಳು ದೇಶಗಳ ಅಧ್ಯಯನದಲ್ಲಿ 12,763 ಗಂಡಸರಿದ್ದರು. 1961ರ ಜನವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಕೀಸ್ ಚಿತ್ರ ಬಂತು. 1968ರಲ್ಲಿ ಅಮೆರಿಕದ ಹೃದ್ರೋಗ ಸಂಘ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟೆರಾಲ್ ಮೀರಬೇಡಿ ಎಂದಿತು. ಒಂದು ಮೊಟ್ಟೆಯಲ್ಲೇ 200 ಮಿಲಿಗ್ರಾಂನ ಹತ್ತಿರ ಇರುವುದರಿಂದ ಹಳದಿಯ ಹಣೆಬರಹ ಅಲ್ಲಿಗೆ ಬರೆದಾಯಿತು. ನಮ್ಮ ದೇಹ ತಾನೇ ದಿನಕ್ಕೆ ಒಂದು ಗ್ರಾಂನಷ್ಟು, ಐದು ಮೊಟ್ಟೆಯಲ್ಲಿರುವಷ್ಟು, ಕೊಲೆಸ್ಟೆರಾಲ್ ತಯಾರಿಸುತ್ತದೆ ಎಂಬ ಮಾತು ಅಡುಗೆಮನೆ ತನಕ ಬರಲೇ ಇಲ್ಲ. 2015ರ ಅಮೆರಿಕದ ಆಹಾರ ಸೂತ್ರಗಳಲ್ಲಿ 300ರ ಆ ಮಿತಿಯನ್ನು ಕೈಬಿಟ್ಟರು. ಆ ಸುದ್ದಿಯೂ ತುಮಕೂರು ಮುಟ್ಟಿದಂತಿಲ್ಲ.

ಒಟ್ಟು ಕೊಬ್ಬು ಕಡಿಮೆ ಮಾಡಿದರೆ ಹೃದಯ ಉಳಿಯುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಿದ ಅತಿ ದೊಡ್ಡ ಪ್ರಯೋಗಗಳಲ್ಲಿ ಒಂದು ಅಮೆರಿಕದಲ್ಲೇ ನಡೆಯಿತು. 50ರಿಂದ 79 ವರ್ಷದ 48,835 ಹೆಂಗಸರು, ಸರಾಸರಿ 8 ವರ್ಷ. ಒಂದು ಗುಂಪಿಗೆ ಕೊಬ್ಬು ಇಳಿಸಲು ಹೇಳಿಕೊಟ್ಟರು, ಇನ್ನೊಂದನ್ನು ಹಾಗೇ ಬಿಟ್ಟರು. 2006ರಲ್ಲಿ ಫಲಿತಾಂಶ ಬಂದಾಗ ಹೃದ್ರೋಗದಲ್ಲಾಗಲಿ ಪಾರ್ಶ್ವವಾಯುವಿನಲ್ಲಾಗಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಎಲ್ಲ ಕೊಬ್ಬೂ ಒಂದೇ ಎಂದು ಒಂದೇ ಬುಟ್ಟಿಗೆ ಹಾಕಿದ್ದರಲ್ಲೇ ತಪ್ಪಿತ್ತು. ನಿಜಕ್ಕೂ ಹೆದರಬೇಕಾದ ಕೊಬ್ಬು ವನಸ್ಪತಿಯಲ್ಲೂ, ಅದರಲ್ಲಿ ಮಾಡಿದ ಬೇಕರಿ ತಿಂಡಿಯಲ್ಲೂ ಇದ್ದ ಟ್ರಾನ್ಸ್ ಕೊಬ್ಬು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ಶೇ 2ರ ಮಿತಿ ಜಾರಿ ಮಾಡಿದ್ದು 2022ರ ಜನವರಿಯಲ್ಲಿ.

ಇತ್ತ ನಾವು ಯಾರೂ ಹೆದರದ ಪದಾರ್ಥದ ಲೆಕ್ಕವನ್ನೂ ನೋಡಬೇಕು. ಭಾರತೀಯರ ಊಟದಲ್ಲಿ ಶೇ 62ರಷ್ಟು ಕ್ಯಾಲರಿ ಬರುವುದು ಪಿಷ್ಟದಿಂದ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ ಹೇಳುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಅಂಚಿನಲ್ಲಿರುವವರು 13.6 ಕೋಟಿ. ದಿನಕ್ಕೆ 300 ಗ್ರಾಂ ಅಕ್ಕಿ ಬೇಯಿಸಿ ಉಣ್ಣುವವರ ರಕ್ತಕ್ಕೆ ಅದರಿಂದ ಇಳಿಯುವ ಸಕ್ಕರೆ, ಒಂದು ಹೊತ್ತಿಗೆ ಅಲ್ಲಿರಬೇಕಾದ 5 ಗ್ರಾಂನ ಹತ್ತಿರ ಹತ್ತಿರ 50 ಪಟ್ಟು. ಗದ್ದೆಯಲ್ಲಿ ದಿನವಿಡೀ ದುಡಿಯುವವರ ಮೈ ಅದನ್ನು ಹೀರಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತವರ ಮೈ ಅದನ್ನು ಎಲ್ಲಿಗೆ ಕಳಿಸಬೇಕು?

ಕಣಜದ ಬಲ ಎಷ್ಟು ಎಂಬುದನ್ನು ಕೊನೆಯ ತುದಿವರೆಗೂ ಹೋಗಿ ತೋರಿಸಿದವರು ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ. ವಯಸ್ಸು 27, ತೂಕ 207 ಕೆಜಿ. 1965ರ ಜೂನ್‌ನಲ್ಲಿ ಡಂಡಿಯ ಮೇರಿಫೀಲ್ಡ್ ಆಸ್ಪತ್ರೆಯ ವೈದ್ಯರು ಕೆಲವು ದಿನದ ಉಪವಾಸ ಮಾಡಿಸೋಣ ಎಂದುಕೊಂಡರು. ಬಾರ್ಬಿಯೆರಿ ನಿಲ್ಲಿಸಲು ಒಪ್ಪಲಿಲ್ಲ. ನೀರು, ಟೀ, ಕಾಫಿ, ವಿಟಮಿನ್, ಪೊಟ್ಯಾಷಿಯಂ, ಸೋಡಿಯಂ. ಒಟ್ಟು 382 ದಿನ. 1966ರಲ್ಲಿ ಮುಗಿಸಿದಾಗ ತೂಕ 82 ಕೆಜಿ. 125 ಕೆಜಿ ಹೋಗಿತ್ತು. ಅದರಲ್ಲಿ ಸ್ವಲ್ಪ ಸ್ನಾಯು, ಸ್ವಲ್ಪ ನೀರು ಇದ್ದೇ ಇರುತ್ತದೆ. ಪೂರ್ತಿ ಕೊಬ್ಬೇ ಎಂದು ಲೆಕ್ಕ ಹಾಕಿದರೆ 9,60,000 ಕ್ಯಾಲರಿ, ದಿನಕ್ಕೆ 2,500. ಹೊಟ್ಟೆ ತುಂಬ ಊಟ ಮಾಡುವ ಗಂಡಸಿನ ಲೆಕ್ಕವೇ ಅದು. ಕೊನೆಯ ಎಂಟು ತಿಂಗಳು ಅವರ ರಕ್ತದ ಸಕ್ಕರೆ 100 ಮಿಲಿಲೀಟರ್‌ಗೆ 30 ಮಿಲಿಗ್ರಾಂ ಆಸುಪಾಸಿನಲ್ಲಿತ್ತು. ಬೇರೆಯವರಾದರೆ ಪ್ರಜ್ಞೆ ತಪ್ಪುವ ಮಟ್ಟ. ಅವರು ಮನೆಯಿಂದ ನಡೆದಾಡಿಕೊಂಡು ಹೊರರೋಗಿಯಾಗಿ ಆಸ್ಪತ್ರೆಗೆ ಬಂದು ಹೋಗುತ್ತಿದ್ದರು. ಕೊಬ್ಬಿನಿಂದ ಲಿವರ್ ತಯಾರಿಸುವ ಕೀಟೋನ್‌ಗಳಿಂದ ಅವರ ಮಿದುಳು ನಡೆಯುತ್ತಿತ್ತು. ಉಪವಾಸ ಮುರಿದದ್ದು ಒಂದು ಬೇಯಿಸಿದ ಮೊಟ್ಟೆ ಮತ್ತು ಬೆಣ್ಣೆ ಸವರಿದ ಬ್ರೆಡ್ ತಿಂದು. ಐದು ವರ್ಷದ ಮೇಲೆ ತೂಕ ನೋಡಿದಾಗ 89 ಕೆಜಿ.

ಇದನ್ನು ಯಾರೂ ಮಾಡಕೂಡದು. ಅದೇ ಕಾಲದಲ್ಲಿ ಇಂಥ ದೀರ್ಘ ಉಪವಾಸದ ಚಿಕಿತ್ಸೆಯಲ್ಲಿ ಜೀವ ಕಳೆದುಕೊಂಡವರೂ ಇದ್ದಾರೆ. ಇಲ್ಲಿ ಹೇಳಿದ್ದು ಒಂದೇ ಕಾರಣಕ್ಕೆ: ಒಂದು ವರ್ಷಕ್ಕೂ ಮೇಲೆ ಬರೀ ಕೊಬ್ಬಿನ ಮೇಲೆ ನಡೆದ ದೇಹ ಅದಕ್ಕೆ ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ.

ಕರಗಿದ ಆ ಕೊಬ್ಬೆಲ್ಲ ಎಲ್ಲಿ ಹೋಯಿತು? 2014ರಲ್ಲಿ ಸಿಡ್ನಿಯ ಇಬ್ಬರು ವಿಜ್ಞಾನಿಗಳು ಇದೇ ಪ್ರಶ್ನೆಯನ್ನು 150 ಮಂದಿ ವೈದ್ಯರು, ಆಹಾರ ತಜ್ಞರು, ವ್ಯಾಯಾಮ ಶಿಕ್ಷಕರ ಮುಂದಿಟ್ಟರು. ಬಹುಪಾಲು ಜನ ಶಾಖವಾಗಿ ಹೋಗುತ್ತದೆ ಎಂದರು. ಸರಿಯಾದ ಉತ್ತರ: ಉಸಿರಿನಲ್ಲಿ. 10 ಕೆಜಿ ಕೊಬ್ಬು ಉರಿಯಲು 29 ಕೆಜಿ ಆಮ್ಲಜನಕ ಬೇಕು. ಉರಿದ ಮೇಲೆ ಸಿಗುವುದು 28 ಕೆಜಿ ಇಂಗಾಲದ ಡೈಆಕ್ಸೈಡ್, 11 ಕೆಜಿ ನೀರು. ಆ 10 ಕೆಜಿಯಲ್ಲಿ 8.4 ಕೆಜಿ ಶ್ವಾಸಕೋಶದಿಂದ ಗಾಳಿಯಾಗಿ ಹೋಗುತ್ತದೆ, ಮಿಕ್ಕ 1.6 ಕೆಜಿ ನೀರಾಗಿ. ನಮ್ಮ ಯೋಗಗ್ರಂಥಗಳು ಹಗಲು ರಾತ್ರಿ ಸೇರಿ 21,600 ಉಸಿರು ಎಂದು ಎಣಿಸಿವೆ. ನಿಮಿಷಕ್ಕೆ 15ರಂತೆ ಲೆಕ್ಕ ಸರಿಯಾಗಿದೆ. ದಿನಕ್ಕೆ 90 ಗ್ರಾಂ ಕೊಬ್ಬು ಕರಗಿಸುತ್ತಿರುವವರ ಒಂದೊಂದು ಉಸಿರಲ್ಲೂ ಮೂರೂವರೆ ಮಿಲಿಗ್ರಾಂ ಕೊಬ್ಬು ಹೊರಗೆ ಹೋಗುತ್ತಿರುತ್ತದೆ. 10 ಕೆಜಿ ಇಳಿಯಲು 24 ಲಕ್ಷ ಉಸಿರು.

ಹಾಗೆಂದು ಮೊದಲ ವಾರ ತಕ್ಕಡಿಯ ಮುಳ್ಳು ಸರ್ರನೆ ಇಳಿದದ್ದನ್ನು ಕೊಬ್ಬು ಎಂದುಕೊಳ್ಳಬೇಡಿ. ಪಿಷ್ಟ ನಿಲ್ಲಿಸಿದಾಗ 500 ಗ್ರಾಂ ಗ್ಲೈಕೋಜೆನ್‌ನಲ್ಲಿ ಬಹುಪಾಲು ಖರ್ಚಾಗಿ, ಅದು ಹಿಡಿದಿದ್ದ ಒಂದೂವರೆ ಲೀಟರ್ ನೀರೂ ಹೋಗುತ್ತದೆ. ನೀರಿನ ಜೊತೆ ಉಪ್ಪೂ ಹೋಗುವುದರಿಂದಲೇ ಆ ವಾರದ ತಲೆನೋವು. ಅದಕ್ಕೆ ಉಪ್ಪು ಹಾಕಿದ ತೆಳು ಮಜ್ಜಿಗೆ, ತಿಳಿಸಾರು ಸಾಕು, ಬಿ.ಪಿ. ಇರುವವರು ಡಾಕ್ಟರನ್ನು ಕೇಳಿ. ಮುಂದೆ ಒಂದು ಮದುವೆ ಊಟ ಮಾಡಿ ಬಂದರೆ ಬೆಳಗಾಗುವುದರೊಳಗೆ ಒಂದೂವರೆ ಕೆಜಿ ಏರಿರುತ್ತದೆ, ಬೈಗುಳ ಮಾತ್ರ ಹೋಳಿಗೆಯ ಮೇಲಿನ ತುಪ್ಪಕ್ಕೆ. ಅದೂ ನೀರೇ. ಒಂದು ಕೆಜಿ ಮೈಕೊಬ್ಬು ಸೇರಬೇಕಾದರೆ ಖರ್ಚಿನ ಮೇಲೆ 7,700 ಕ್ಯಾಲರಿ ಹೆಚ್ಚುವರಿ ಬೇಕು: 855 ಗ್ರಾಂ ತುಪ್ಪ, 170 ಟೀ ಚಮಚ.

ಹೆದರಿಕೆಯಲ್ಲಿ ಒಂದು ನಿಜವೂ ಇದೆ, ಅದನ್ನು ಮುಚ್ಚಿಡಬಾರದು. ಗ್ರಾಂಗೆ 9 ಕ್ಯಾಲರಿ ಎಂಬುದು ಸಣ್ಣ ಮಾತಲ್ಲ. ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆಗೆ 120 ಕ್ಯಾಲರಿ. ಕ್ಯಾನಿನಿಂದ ನೇರವಾಗಿ ಬಾಣಲೆಗೆ ಬಗ್ಗಿಸುವ ಕೈಗೆ ಎರಡು ಚಮಚ ಮೂರಾದದ್ದು ತಿಳಿಯುವುದೇ ಇಲ್ಲ. ಪಿಷ್ಟ ಬಿಟ್ಟರೆ ಸಾಕು, ತುಪ್ಪ ಎಷ್ಟಾದರೂ ಕುಡಿಯಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಸ್ಟಾನ್‌ಫರ್ಡ್‌ನಲ್ಲಿ 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ ಪ್ರಯೋಗ ಪ್ರಕಟವಾಯಿತು. ಕೊಬ್ಬು ಕಡಿಮೆ ತಿಂದವರು 5.3 ಕೆಜಿ ಇಳಿದರು, ಪಿಷ್ಟ ಕಡಿಮೆ ತಿಂದವರು 6 ಕೆಜಿ. ಲೆಕ್ಕಕ್ಕೆ ಬರುವ ವ್ಯತ್ಯಾಸ ಏನೂ ಇಲ್ಲ. ಎರಡು ದಾರಿಯಲ್ಲಿ ಯಾವುದನ್ನಾದರೂ ಹಿಡಿಯಬಹುದು; ಎರಡನ್ನೂ ಒಟ್ಟಿಗೆ ಮುಚ್ಚಿಕೊಂಡು ನಡೆಯಲಾಗುವುದಿಲ್ಲ.

ನಡೆಯಬೇಕಾದ ದೂರವೂ ಕಡಿಮೆಯದಲ್ಲ. ಸ್ಟಾಕ್‌ಹೋಮ್‌ನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ತಂಡದವರು 2008ರಲ್ಲಿ, ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿ ಮನುಷ್ಯರ ಮೈಗೂ ಇಳಿದ ಇಂಗಾಲ-14ರ ಗುರುತು ಹಿಡಿದು ಕೊಬ್ಬಿನ ಜೀವಕೋಶಗಳ ವಯಸ್ಸು ಪತ್ತೆ ಮಾಡಿದರು. ವರ್ಷಕ್ಕೆ ಶೇ 10ರಷ್ಟು ಕೋಶ ಸತ್ತು, ಅಷ್ಟೇ ಹೊಸವು ಹುಟ್ಟುತ್ತವೆ. ತೂಕ ಇಳಿದಾಗ ಈ ಸಾವಿರಾರು ಕೋಟಿ ಕೋಶಗಳು ಬರಿದಾಗಿ ಕುಗ್ಗುತ್ತವೆಯೇ ಹೊರತು ಎಣಿಕೆಯಲ್ಲಿ ಕಡಿಮೆಯಾಗುವುದಿಲ್ಲ. ಮತ್ತೆ ತುಂಬಿಕೊಳ್ಳಲು ಜಾಗ ಹಾಗೇ ಇರುತ್ತದೆ. ಆದ್ದರಿಂದ ವರ್ಷಗಟ್ಟಲೆ ರುಚಿಯಿಂದ ಉಣ್ಣಬಹುದಾದ ಊಟವೇ ಬೇಕು. ಸೀದ ಸಾಸಿವೆಯ ಪಲ್ಯವನ್ನು ಯಾರು ತಾನೇ ಎಷ್ಟು ದಿನ ತಿಂದಾರು?

ಅತ್ತಿಗೆ ಈಗ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಾರೆ, ಬೀಜವನ್ನು ಪುಟ್ಟ ತಕ್ಕಡಿಯಲ್ಲಿ ತೂಗುತ್ತಾರೆ. ಇಂಥ ಊಟ ಶುರು ಮಾಡುವವರು ಎರಡು ವಿಷಯ ನೋಡಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅನ್ನ ಕಡಿಮೆ ಮಾಡುವ ಮುನ್ನವೇ ಡಾಕ್ಟರ ಹತ್ತಿರ ಡೋಸ್ ಮಾತಾಡಿ. ಹಳೆಯ ಡೋಸ್ ಮೇಲೆ ಹೊಸ ಊಟ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ನೊಂದು, ಶುರುವಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಲಿಪಿಡ್ ಪ್ರೊಫೈಲ್ ಮಾಡಿಸಿ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಹೆಚ್ಚಾದಾಗ ಕೆಲವರಲ್ಲಿ ಎಲ್‌ಡಿಎಲ್ ಕೊಲೆಸ್ಟೆರಾಲ್ ಏರುತ್ತದೆ. ಏರಿದ್ದರೆ ಅದನ್ನು ಡಾಕ್ಟರಿಗೆ ತೋರಿಸಿ, ತುಪ್ಪದ ಜಾಗಕ್ಕೆ ಕಡಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ ತನ್ನಿ. ಚಮಚದ ಲೆಕ್ಕ ಅದೇ ಇರಲಿ.